ಕ್ಲೌಡಾ, ಹಾರ್ಡ್ ಡಿಸ್ಕಾ? ಮೊದಲು ಫೈಲ್‌ಗಳನ್ನು ಎರಡು ಪಾಲು ಮಾಡಿ

ಲ್ಯಾಪ್‌ಟಾಪ್‌ನಲ್ಲಿ ಫೋಟೋ, ವಿಡಿಯೋ, ಕೆಲಸದ ಫೈಲು ಎಲ್ಲ ಸೇರಿ 600 ಜಿಬಿ ಇದೆ, ಬ್ಯಾಕಪ್‌ಗೆ ಕ್ಲೌಡ್, ಅಂದರೆ ಇಂಟರ್ನೆಟ್ ಮೂಲಕ ಫೈಲ್ ಇಡುವ ಜಾಗ, ತಗೊಳ್ಳೋದಾ, ಎಕ್ಸ್‌ಟರ್ನಲ್ ಹಾರ್ಡ್ ಡಿಸ್ಕ್ ಸಾಕಾ ಅಂತ ಕೇಳಿದ್ದೀರಿ. ಡಿಸ್ಕನ್ನು ಈ ವಾರವೇ ತಗೊಳ್ಳಿ. ಕ್ಲೌಡನ್ನೂ ಬಿಡಬೇಡಿ, ಆದರೆ ಅದಕ್ಕೆ 600 ಜಿಬಿಯನ್ನೂ ತುಂಬಬೇಕಿಲ್ಲ.

ನನ್ನ ಹತ್ತಿರ ಮೊದಲು ಒಂದೇ ಡಿಸ್ಕ್ ಇತ್ತು. ಲ್ಯಾಪ್‌ಟಾಪ್‌ನಲ್ಲಿ ಜಾಗ ಸಾಲದೆ ಹಳೆಯ ಫೋಟೋಗಳನ್ನೆಲ್ಲ ಅದಕ್ಕೆ ಹಾಕಿ, ಇಲ್ಲಿಂದ ಅಳಿಸಿಬಿಟ್ಟಿದ್ದೆ. ಒಂದು ಸಂಜೆ ಮಗಳ ಕಾಲಿಗೆ ಕೇಬಲ್ ಸಿಕ್ಕಿ ಡಿಸ್ಕ್ ಮೇಜಿನಿಂದ ಕೆಳಗೆ ಬಿತ್ತು. ಎರಡೂವರೆ ಅಡಿ ಎತ್ತರ, ಅಷ್ಟೇ. ಮತ್ತೆ ಸಿಕ್ಕಿಸಿದರೆ ಟಿಕ್, ಟಿಕ್, ಟಿಕ್ ಅನ್ನುವ ಸದ್ದು. ಹಾರ್ಡ್ ಡಿಸ್ಕಿನೊಳಗೆ ತಿರುಗುವ ತಟ್ಟೆಗೂ ಅದನ್ನು ಓದುವ ಹೆಡ್‌ಗೂ ನಡುವೆ ಕೂದಲೆಳೆಯಷ್ಟೂ ಜಾಗ ಇರುವುದಿಲ್ಲ. ಓಡುತ್ತಿರುವಾಗ ಬಿದ್ದರೆ ಹೆಡ್ಡು ತಟ್ಟೆಯನ್ನು ಗೀಚಿಬಿಡುತ್ತದೆ. ಬೆಂಗಳೂರಿನ ಎಸ್‌ಪಿ ರೋಡ್‌ಗೆ ತಗೊಂಡು ಹೋದೆ. ರಿಕವರಿ ಮಾಡುವವರು ಡಿಸ್ಕನ್ನು ಕಿವಿ ಹತ್ತಿರ ಹಿಡಿದು, "ಇನ್ನು ಪವರ್ ಕೊಡ್ಬೇಡಿ ಸರ್, ಜಾಸ್ತಿ ಹಾಳಾಗುತ್ತೆ" ಅಂದರು. ಅರ್ಧದಷ್ಟು ಫೋಟೋ ಬಂದವು. ಅಪ್ಪನ ಕೊನೆಯ ಯುಗಾದಿಯ ವಿಡಿಯೋ ಬರಲಿಲ್ಲ. ಆ ಡಿಸ್ಕನ್ನು ನಾನು ಬ್ಯಾಕಪ್ ಅಂತ ಕರೆಯುತ್ತಿದ್ದೆ, ಇದ್ದದ್ದು ಮಾತ್ರ ಒಂದೇ ಪ್ರತಿ.

ಹಾಗಾದರೆ ಎಲ್ಲವನ್ನೂ ಕ್ಲೌಡ್‌ಗೆ ಹಾಕಬಹುದಲ್ವಾ? ಲೆಕ್ಕ ನೋಡಿ. ನಿಮ್ಮ ಇಂಟರ್ನೆಟ್ಟಿನ ಅಪ್‌ಲೋಡ್ 20 ಎಂಬಿಪಿಎಸ್ ಇದ್ದರೆ 600 ಜಿಬಿ ಏರಲು ಎಡೆಬಿಡದೆ ಸುಮಾರು 67 ಗಂಟೆ ಬೇಕು. ಅದೇ ಯುಎಸ್‌ಬಿ 3 ಡಿಸ್ಕ್‌ಗೆ ಎರಡು-ಮೂರು ಗಂಟೆ. ಗೂಗಲ್ ಉಚಿತವಾಗಿ ಕೊಡುವುದು 15 ಜಿಬಿ, ಅದರಲ್ಲೇ ಜಿಮೇಲೂ ಸೇರಿದೆ. ಮಿಕ್ಕಿದ್ದಕ್ಕೆ ದುಡ್ಡು ಕಟ್ಟುತ್ತಲೇ ಇರಬೇಕು.

ಇನ್ನೊಂದು ವಿಷಯ ಜನ ಗಮನಿಸುವುದೇ ಇಲ್ಲ. ಗೂಗಲ್ ಡ್ರೈವ್‌ನಂಥವು ಸಿಂಕ್ ಮಾಡುತ್ತವೆ. ನೀವು ಲ್ಯಾಪ್‌ಟಾಪ್‌ನಲ್ಲಿ ಕೈತಪ್ಪಿ ಒಂದು ಫೋಲ್ಡರ್ ಅಳಿಸಿದರೆ ಅಲ್ಲಿಯೂ ಅಳಿಯುತ್ತದೆ. ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ, ಆಮೇಲೆ ಹೋಯಿತು. ಕ್ಲೌಡ್ ಅಂದರೂ ಅದು ಎಲ್ಲೋ ಒಂದು ಕಟ್ಟಡದಲ್ಲಿರುವ ಕಂಪ್ಯೂಟರೇ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್ ಎಂಬ ಕ್ಲೌಡ್ ಕಂಪನಿಯ ಡೇಟಾ ಸೆಂಟರ್ ಸುಟ್ಟುಹೋದಾಗ, ಬೇರೆ ಕಡೆ ಪ್ರತಿ ಇಡದಿದ್ದ ಎಷ್ಟೋ ಗ್ರಾಹಕರ ಡೇಟಾ ವಾಪಸ್ ಸಿಗಲೇ ಇಲ್ಲ.

ಆದರೂ ಮನೆಗೆ ಕಳ್ಳ ನುಗ್ಗಿದರೆ, ಮಳೆನೀರು ಬಂದರೆ ಲ್ಯಾಪ್‌ಟಾಪು, ಪಕ್ಕದ ಡಿಸ್ಕು ಎರಡೂ ಒಟ್ಟಿಗೇ ಹೋಗುತ್ತವೆ. ಆಗ ಉಳಿಯುವುದು ಕ್ಲೌಡ್. ಅದಕ್ಕೇ ಫೈಲ್‌ಗಳನ್ನು ಎರಡು ಪಾಲು ಮಾಡಿ ಅನ್ನೋದು. ಮತ್ತೆ ಸಿಗದಂಥವು, ಅಂದರೆ ಮಕ್ಕಳ ಫೋಟೋ, ಅಪ್ಪ-ಅಮ್ಮನ ದನಿ ಇರುವ ವಿಡಿಯೋ, ಜಮೀನಿನ ಪತ್ರದ ಸ್ಕ್ಯಾನ್, ಈಗ ಮಾಡುತ್ತಿರುವ ಕೆಲಸ. ಆರಿಸಲು ಕೂತರೆ ಬಹಳ ಜನಕ್ಕೆ ಇದು 100 ಜಿಬಿ ದಾಟುವುದಿಲ್ಲ. ಇದು ಕ್ಲೌಡ್‌ಗೂ ಹೋಗಲಿ, ಡಿಸ್ಕ್‌ಗೂ ಹೋಗಲಿ. ಡೌನ್‌ಲೋಡ್ ಮಾಡಿದ ಸಿನಿಮಾ, ಸಾಫ್ಟ್‌ವೇರ್, ಒಂದೇ ಫೋಟೋದ ಹತ್ತು ಶಾಟ್, ಇವಕ್ಕೆ ಡಿಸ್ಕ್ ಸಾಕು.

ಡಿಸ್ಕ್ 2 ಟಿಬಿಯದ್ದೇ ಇರಲಿ, ಫೈಲ್‌ಗಳ ಹಳೆಯ ರೂಪಗಳಿಗೂ ಜಾಗ ಬೇಕು. ವಿಂಡೋಸ್‌ನಲ್ಲಿ ಫೈಲ್ ಹಿಸ್ಟರಿ, ಮ್ಯಾಕ್‌ನಲ್ಲಿ ಟೈಮ್ ಮಷೀನ್ ಆನ್ ಮಾಡಿ, ಹಳೆಯ ರೂಪಗಳ ಸಮೇತ ಪ್ರತಿಯನ್ನು ಅವೇ ಡಿಸ್ಕ್‌ಗೆ ಹಾಕುತ್ತವೆ. ಬ್ಯಾಕಪ್ ಮುಗಿದ ಮೇಲೆ ಡಿಸ್ಕ್ ಬಿಚ್ಚಿಡಿ. ಸಿಕ್ಕಿಸಿಯೇ ಬಿಟ್ಟರೆ, ಫೈಲ್‌ಗಳಿಗೆ ಬೀಗ ಹಾಕಿ ಬಿಡಿಸಲು ದುಡ್ಡು ಕೇಳುವ ವೈರಸ್, ಅಂದರೆ ರ‍್ಯಾನ್ಸಮ್‌ವೇರ್ ಬಂದಾಗ ಅದರಲ್ಲಿರುವ ಫೈಲ್‌ಗಳಿಗೂ ಬೀಗ ಬೀಳುತ್ತದೆ. ಕ್ಲೌಡ್ ಖಾತೆಗೆ ಎರಡು ಹಂತದ ಲಾಗಿನ್ ಹಾಕಿ. ತಿಂಗಳಿಗೊಮ್ಮೆ ಡಿಸ್ಕಿನಿಂದ ಒಂದು ಹಳೆಯ ಫೋಟೋ, ಕ್ಲೌಡಿನಿಂದ ಒಂದು ವಿಡಿಯೋ ವಾಪಸ್ ತಂದು ತೆರೆದು ನೋಡಿ. ನಾನು ಪ್ರತಿ ತಿಂಗಳ ಮೊದಲ ಭಾನುವಾರ ನೋಡುತ್ತೇನೆ, ಮಗಳೂ ಪಕ್ಕದಲ್ಲಿ ಕೂರುತ್ತಾಳೆ.