ವೈರಲ್ ಜ್ವರ ಬಿಡ್ತು, ಶುಗರ್ ಇದ್ದೋರ ರಕ್ತನಾಳ ಸುಧಾರಿಸ್ತಾ?

ಪ್ರಶ್ನೆ: ಡಾಕ್ಟ್ರೇ, ನನಗೆ 54 ವರ್ಷ, ದಾವಣಗೆರೆ ಕಡೆಯವನು. ಶುಗರ್ ಬಂದು ಹತ್ತು ವರ್ಷ ಆಯ್ತು, ಮಾತ್ರೆ ನಡೀತಿದೆ. ಒಂದೂವರೆ ತಿಂಗಳ ಹಿಂದೆ ಇನ್‌ಫ್ಲುಯೆಂಜಾ ಬಂದು ವಾರ ಪೂರ್ತಿ ಮಲಗಿದ್ದೆ. ಜ್ವರ ಬಿಟ್ರೂ ಸುಸ್ತು ಬಿಟ್ಟಿಲ್ಲ, 130 ಇರ್ತಿದ್ದ ಬೆಳಗಿನ ಶುಗರ್ ಈಗ 170-180. ಲ್ಯಾಬ್ ಪ್ಯಾಕೇಜ್ ಮಾಡಿಸ್ದೆ, ಅದ್ರಲ್ಲಿ ಸಿಆರ್‌ಪಿ 8 ಅಂತ ಕೆಂಪಕ್ಷರದಲ್ಲಿ ಬಂದಿದೆ. ನಮ್ಮ ಷಡ್ಡಕ "ವೈರಲ್ ಆದ್ಮೇಲೆ ರಕ್ತ ಗಟ್ಟಿಯಾಗತ್ತೆ, ಇಕೋಸ್ಪ್ರಿನ್ ಶುರು ಮಾಡ್ಕೊಳ್ಳಿ" ಅಂತಿದಾರೆ. ಮಾಡ್ಲಾ?

ಉತ್ತರ: ನೀವಾಗೇ ಶುರು ಮಾಡ್ಬೇಡಿ. ಹಾಗಂತ ನಿಮ್ಮ ಷಡ್ಡಕರ ಭಯ ಪೂರ್ತಿ ಸುಳ್ಳೂ ಅಲ್ಲ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳ್ತೀನಿ.

ರಕ್ತನಾಳದ ಒಳಗೋಡೆಗೆ ಒಂದೇ ಒಂದು ಸಾಲು ಜೀವಕೋಶಗಳ ತೆಳು ಪದರ ಇರತ್ತೆ. ಅದು ಪಳಗಿದ ದೋಸೆ ಹೆಂಚಿನ ಹಾಗೆ, ಚೆನ್ನಾಗಿದ್ದಷ್ಟು ದಿನ ಏನೂ ಅಂಟಲ್ಲ. ಆ ಪದರ ನೈಟ್ರಿಕ್ ಆಕ್ಸೈಡ್ ಅನ್ನೋ ಅನಿಲ ತಯಾರಿಸ್ತಾ ಇರತ್ತೆ, ನಾಳ ಸಡಿಲವಾಗಿರೋದು, ಪ್ಲೇಟ್‌ಲೆಟ್ ಅಂಟದೇ ಇರೋದು ಎಲ್ಲ ಅದರಿಂದಲೇ. ವರ್ಷಗಟ್ಲೆ ಶುಗರ್ ಜಾಸ್ತಿ ಇದ್ರೆ ಈ ತಯಾರಿಕೆ ಕಮ್ಮಿ ಆಗ್ತಾ ಬರತ್ತೆ. ಅದ್ರ ಮೇಲೆ ವೈರಸ್ ಬಂದಾಗ ದೇಹ ಅದನ್ನ ಹೊಡೆದೋಡಿಸೋಕೆ ಉರಿಯೂತದ ರಾಸಾಯನಿಕಗಳನ್ನ ರಕ್ತಕ್ಕೆ ಬಿಡತ್ತೆ, ಅವು ವೈರಸ್ ಇರೋ ಜಾಗಕ್ಕೆ ಮಾತ್ರ ಹೋಗಿ ಕೂರಲ್ಲ, ಮೈಯೆಲ್ಲಾ ಸುತ್ತುತ್ವೆ, ಆಗ ಒಳಪದರ ಅಂಟಂಟಾಗತ್ತೆ, ಬಿಳಿ ರಕ್ತಕಣ ಬಂದು ಹಿಡ್ಕೊಳ್ಳತ್ವೆ, ಹೆಪ್ಪುಗಟ್ಟೋ ಪ್ರವೃತ್ತಿ ಏರತ್ತೆ, ಮೊದಲೇ ನಾಳದಲ್ಲಿ ಕೊಬ್ಬಿನ ಗಂಟು ಇದ್ರೆ ಅದು ಒಡೆಯೋ ಸಾಧ್ಯತೆನೂ ಇರತ್ತೆ.

ಎಷ್ಟು ದಿನ ಈ ಅಪಾಯ ಅಂದ್ರೆ, ಅದು ಯಾವ ವೈರಸ್ ಅನ್ನೋದ್ರ ಮೇಲೆ. ಕೆನಡಾದ ಒಂಟಾರಿಯೋದಲ್ಲಿ ಲ್ಯಾಬಲ್ಲಿ ಖಚಿತವಾದ ಫ್ಲೂ ರೋಗಿಗಳ ಬಗ್ಗೆ 2018ರಲ್ಲಿ ಒಂದು ಅಧ್ಯಯನ ಬಂತು. ಮೊದಲ 7 ದಿನದಲ್ಲಿ ಹಾರ್ಟ್ ಅಟ್ಯಾಕ್ ಸಾಧ್ಯತೆ ಅದೇ ಜನರ ಬೇರೆ ಸಮಯಕ್ಕಿಂತ ಸುಮಾರು 6 ಪಟ್ಟು, ಆಮೇಲೆ ಆ ಏರಿಕೆ ಕಾಣಲಿಲ್ಲ. ಕೋವಿಡ್ ಹಾಗಲ್ಲ. ಅಮೆರಿಕದ ಮಾಜಿ ಸೈನಿಕರಲ್ಲಿ ಒಂದೂವರೆ ಲಕ್ಷಕ್ಕೂ ಜಾಸ್ತಿ ಕೋವಿಡ್ ರೋಗಿಗಳನ್ನ ಗಮನಿಸಿದ 2022ರ ಅಧ್ಯಯನದಲ್ಲಿ ವರ್ಷದವರೆಗೂ ಹೃದಯ, ರಕ್ತನಾಳದ ತೊಂದರೆ ಜಾಸ್ತಿ ಕಂಡಿದೆ, ಆಸ್ಪತ್ರೆ ಸೇರದೇ ಮನೇಲೇ ವಾಸಿಯಾದೋರಲ್ಲೂ. ನಿಮಗಾಗಿದ್ದು ಫ್ಲೂ, ಆಗಿದ್ದು ಒಂದೂವರೆ ತಿಂಗಳ ಹಿಂದೆ. ಅತಿ ಕೆಟ್ಟ ವಾರ ದಾಟಿದೀರಿ.

ಈಗ ಇಕೋಸ್ಪ್ರಿನ್, ಅಂದ್ರೆ ಆಸ್ಪಿರಿನ್. ಹೃದಯದ ಕಾಯಿಲೆ ಇಲ್ಲದ 15,480 ಶುಗರ್ ರೋಗಿಗಳಲ್ಲಿ ಏಳು ವರ್ಷಕ್ಕೂ ಮೇಲೆ ಇದನ್ನ ಪರೀಕ್ಷೆ ಮಾಡಿದಾರೆ, 2018ರಲ್ಲಿ ಫಲಿತಾಂಶ ಬಂತು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಥರದ ಗಂಭೀರ ತೊಂದರೆ ಮಾತ್ರೆ ತಗೊಂಡೋರಲ್ಲಿ 8.5%, ತಗೊಳ್ದೋರಲ್ಲಿ 9.6%. ಆದ್ರೆ ದೊಡ್ಡ ರಕ್ತಸ್ರಾವ ತಗೊಂಡೋರಲ್ಲಿ 4.1%, ತಗೊಳ್ದೋರಲ್ಲಿ 3.2%. ಒಂದು ಕೈಲಿ ಕೊಟ್ಟಿದ್ದನ್ನ ಇನ್ನೊಂದು ಕೈಲಿ ಹೆಚ್ಚೂಕಮ್ಮಿ ಪೂರ್ತಿ ಕಿತ್ಕೊಂಡ ಹಾಗೆ. ಅಲ್ಸರ್ ಇರೋರು, ಬಿಪಿ ಹತೋಟೀಲಿ ಇಲ್ದೋರು ಆದ್ರೆ ನಷ್ಟದ ಕಡೆಗೇ ವಾಲತ್ತೆ. ಇದು ನಿಮ್ಮ ಡಾಕ್ಟರ್ ನಿಮ್ಮ ಇಸಿಜಿ, ಕೊಲೆಸ್ಟ್ರಾಲ್, ಕಿಡ್ನಿ ನೋಡಿ ತೀರ್ಮಾನ ಮಾಡೋ ವಿಷಯ, ಮನೆಯವರ ಪಂಚಾಯ್ತಿ ಅಲ್ಲ.

ಸಿಆರ್‌ಪಿ 8 ನೋಡಿ ನಿದ್ದೆ ಕೆಡಿಸ್ಕೋಬೇಡಿ. ಅದು ಎಲ್ಲೋ ಉರಿಯೂತ ಇದೆ ಅಂತ ಹೇಳತ್ತೆ, ಎಲ್ಲಿ ಅಂತ ಹೇಳಲ್ಲ. ಹೊಟ್ಟೆ ಬೊಜ್ಜು, ಬೀಡಿ-ಸಿಗರೇಟು, ಕಾಲಿನ ಗಾಯ, ಯಾವುದಕ್ಕಾದ್ರೂ ಏರತ್ತೆ. ಒಸಡಿನ ಸೋಂಕಿಗೂ ಏರತ್ತೆ, ಶುಗರ್ ಇದ್ದೋರಲ್ಲಿ ಇದು ತುಂಬ ಜನ ಹಲ್ಲಿನ ಡಾಕ್ಟರ ಹತ್ರ ಹೋಗೋವರೆಗೂ ಗೊತ್ತೇ ಇರಲ್ಲ. ಕೆಲವು ವಾರ ಬಿಟ್ಟು ಇನ್ನೊಂದ್ಸಲ ನೋಡಿ ಸಾಕು. ಈ ಪ್ಯಾಕೇಜ್ ಟೆಸ್ಟ್‌ಗಳ ಬಗ್ಗೆ ನನಗೆ ಅಷ್ಟು ಒಲವಿಲ್ಲ, ಕೆಂಪಕ್ಷರ ಮಾತ್ರ ಧಾರಾಳ, ಅರ್ಥ ಹೇಳೋರು ಯಾರೂ ಇರಲ್ಲ.

ನನಗೆ ಚಿಂತೆ ಇರೋದು ಆ 170-180 ಬಗ್ಗೆ. ಜ್ವರದಲ್ಲಿ ಕಾರ್ಟಿಸೋಲ್, ಅಡ್ರಿನಲಿನ್ ಏರಿ ಇನ್ಸುಲಿನ್ ಕೆಲಸ ಕೆಡತ್ತೆ ಸರಿ, ಆದ್ರೆ ಒಂದೂವರೆ ತಿಂಗಳಾದ್ಮೇಲೂ ಇಳೀಲಿಲ್ಲ ಅಂದ್ರೆ ಬೇರೆ ಕಾರಣ ಹುಡುಕ್ಬೇಕು. ಹಳೇ ಚೀಟಿ ತೆಗೆದು ನೋಡಿ, ಡೆಕ್ಸಾಮೆಥಾಸೋನ್, ಪ್ರೆಡ್ನಿಸೋಲೋನ್ ಅಂತ ಸ್ಟೀರಾಯ್ಡ್ ಏನಾದ್ರೂ ಬರೆದಿದ್ರಾ, ಅದು ಇನ್ನೂ ನಡೀತಿದ್ಯಾ. ನಡೀತಿದ್ರೆ ನೀವೇ ದಿಢೀರಂತ ನಿಲ್ಲಿಸ್ಬೇಡಿ, ಡಾಕ್ಟರ್‌ಗೆ ತೋರಿಸಿ. ಜ್ವರದಲ್ಲಿ ಶುರುವಾದ ರಸ್ಕು, ಗ್ಲೂಕೋಸ್ ಪುಡಿ, ಗಂಜಿ ಇನ್ನೂ ನಿಂತಿಲ್ವಾ, ವಾಕಿಂಗ್ ನಿಂತೇ ಹೋಯ್ತಾ, ಅದನ್ನೂ ನೋಡ್ಕೊಳ್ಳಿ. ಎಚ್‌ಬಿಎ1ಸಿ ಮಾಡ್ಸಿ, ಅದು ಹಿಂದಿನ ಎರಡು ಮೂರು ತಿಂಗಳ ಲೆಕ್ಕ, ಜ್ವರದ ವಾರನೂ ಅದ್ರಲ್ಲಿ ಸೇರಿರತ್ತೆ ಅನ್ನೋದು ನೆನಪಿರಲಿ. ಇದ್ರ ಜೊತೆ ಮೂತ್ರದಲ್ಲಿ ಅಲ್ಬುಮಿನ್-ಕ್ರಿಯಾಟಿನಿನ್ ಪ್ರಮಾಣ ನೋಡ್ಸಿ, ದುಬಾರಿ ಟೆಸ್ಟ್ ಅಲ್ಲ, 30ರ ಒಳಗಿರ್ಬೇಕು. ಸಣ್ಣ ರಕ್ತನಾಳಗಳು ಸೋರ್ತಿದ್ಯಾ ಅಂತ ಮೊದಲು ಗೊತ್ತಾಗೋದು ಅಲ್ಲೇ. ಜ್ವರ, ವಿಪರೀತ ಶುಗರ್ ಇದ್ದಾಗ ಸುಮ್‌ಸುಮ್ನೆ ಏರೋದರಿಂದ ಜಾಸ್ತಿ ಬಂದ್ರೆ ಮತ್ತೆ ಮಾಡಿಸ್ಬೇಕು.

ಸುಸ್ತಿನ ಬಗ್ಗೆ ಒಂದು ಮಾತು. ಹಳೇ ಶುಗರ್‌ನಲ್ಲಿ ನರ ಮಂಕಾಗಿರತ್ತೆ, ಹಾರ್ಟ್ ಅಟ್ಯಾಕ್ ಆದ್ರೂ ಎದೆನೋವು ಬರದೇ ಇರಬಹುದು. ಮೆಟ್ಟಿಲು ಹತ್ತಿದ್ರೆ ಹೊಸದಾಗಿ ಏದುಸಿರು, ತಣ್ಣನೆ ಬೆವರು, ದವಡೆ ಅಥವಾ ಎಡಗೈ ಸೆಳೆತ, ಹೊಟ್ಟೆ ಮೇಲ್ಭಾಗ ಹಿಡಿದ ಹಾಗಾದ್ರೆ "ಗ್ಯಾಸ್ಟ್ರಿಕ್ ಇರ್ಬೇಕು" ಅಂತ ಸೋಡಾ ಕುಡಿದು ಮಲಗ್ಬೇಡಿ, ಇಸಿಜಿ ಇರೋ ಆಸ್ಪತ್ರೆಗೆ ಆಗಲೇ ಹೋಗಿ. ಅಂಥದ್ದೇನೂ ಇಲ್ದಿದ್ರೂ ಈ ವಾರ ಒಂದು ಇಸಿಜಿ ತೆಗೆಸಿ.

ಪ್ರಶ್ನೆ: ಸರ್, ಉಡುಪಿಯಿಂದ ಬರೀತಿದ್ದೇನೆ. ಅಮ್ಮನಿಗೆ 66, ಶುಗರ್ ಉಂಟು, ಎರಡು ವರ್ಷದ ಹಿಂದೆ ಸ್ಟೆಂಟ್ ಹಾಕಿದ್ದಾರೆ. ಕಳೆದ ತಿಂಗಳು ಡೆಂಗ್ಯೂ ಆಗಿ ಪ್ಲೇಟ್‌ಲೆಟ್ 40 ಸಾವಿರಕ್ಕೆ ಇಳಿದಾಗ ಇಕೋಸ್ಪ್ರಿನ್ ನಿಲ್ಲಿಸಿದ್ರು. ಈಗ 1.8 ಲಕ್ಷ ಇದೆ, ಮಾತ್ರೆ ಮತ್ತೆ ಶುರು ಮಾಡಿ ಅಂತ ಯಾರೂ ಹೇಳ್ಲಿಲ್ಲ, ನಾವೂ ಕೇಳ್ಲಿಲ್ಲ.

ಉತ್ತರ: ಇವತ್ತೇ ಸ್ಟೆಂಟ್ ಹಾಕಿದ ಡಾಕ್ಟರ್‌ಗೆ ಫೋನ್ ಮಾಡಿ. ಮೇಲಿನ ಉತ್ತರ ಓದಿ ಇಕೋಸ್ಪ್ರಿನ್ ಕೆಟ್ಟದ್ದು ಅಂದ್ಕೊಂಡ್ರೆ ಕಷ್ಟ, ಅದು ಹೃದಯದ ಕಾಯಿಲೆ ಇಲ್ಲದವರ ಮಾತು. ಸ್ಟೆಂಟ್ ಇದ್ದೋರಿಗೆ ಅದು ಸಾಮಾನ್ಯವಾಗಿ ಜೀವನಪೂರ್ತಿ ಬೇಕಾಗತ್ತೆ. ನಿಲ್ಲಿಸಿದ್ದು ಸರಿಯೇ, ಯಾಕಂದ್ರೆ ಡೆಂಗ್ಯೂನಲ್ಲಿ ರಕ್ತನಾಳದ ಒಳಪದರದಿಂದ ನೀರಿನಂಶ ಸೋರತ್ತೆ, ಪ್ಲೇಟ್‌ಲೆಟ್ ಬೀಳತ್ತೆ, ರಕ್ತಸ್ರಾವದ ಭಯ ಇರತ್ತೆ. ಶುರು ಮಾಡೋಕೆ ಮರೆತದ್ದೇ ಸರಿಯಲ್ಲ. ಸ್ಟೆಂಟ್‌ನ ಬೇರೆ ಮಾತ್ರೆಗಳು, ಜೊತೆಗೆ ಕೊಲೆಸ್ಟ್ರಾಲ್ ಮಾತ್ರೆ ನಡೀತಿದ್ಯಾ ಅಂತಾನೂ ಡಬ್ಬಿ ತೆಗೆದು ನೋಡಿ. ಕೀಲುನೋವಿಗೆ ಅಂತ ಡೈಕ್ಲೋಫೆನಾಕ್, ಐಬುಪ್ರೊಫೆನ್ ಮೆಡಿಕಲ್ ಶಾಪಿಂದ ತಂದು ಕೊಡ್ತಾ ಇದ್ರೆ ನಿಲ್ಲಿಸಿ, ಹೃದಯಕ್ಕೂ ಕಿಡ್ನಿಗೂ ಎರಡಕ್ಕೂ ಅದು ಭಾರ.

ಪ್ರಶ್ನೆ: ಹಾಸನದ ಹಾರ್ಟ್ ಅಟ್ಯಾಕ್ ಸುದ್ದಿ ಕೇಳಿದ್ಮೇಲೆ ಯಾವ ಲಸಿಕೆ ಅಂದ್ರೂ ಮನೇಲಿ ಬೇಡ ಅಂತಾರೆ. ನನಗೆ ಶುಗರ್ ಇದೆ, ಫ್ಲೂ ಲಸಿಕೆ ತಗೋಬೇಕಾ?

ಉತ್ತರ: ತಗೊಳ್ಳಿ. ಹಾಸನದ ಸಾವುಗಳ ನಂತರ 2025ರಲ್ಲಿ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ತಜ್ಞರ ಸಮಿತಿ ವರದಿ ಕೊಡ್ತು. ಚಿಕ್ಕ ವಯಸ್ಸಿನ ಹೃದ್ರೋಗಕ್ಕೂ ಕೋವಿಡ್ ಲಸಿಕೆಗೂ ನೇರ ಸಂಬಂಧ ಅವರಿಗೆ ಕಾಣಲಿಲ್ಲ, ಅವರು ಬೆರಳು ತೋರಿಸಿದ್ದು ಧೂಮಪಾನ, ಬಿಪಿ, ಶುಗರ್ ಕಡೆಗೆ. ಫ್ಲೂ ಲಸಿಕೆಯಂತೂ ಹೃದಯಕ್ಕೆ ಒಳ್ಳೇದೇ ಮಾಡಿದೆ: ಹಾರ್ಟ್ ಅಟ್ಯಾಕ್ ಆದ ಕೂಡಲೇ ಈ ಲಸಿಕೆ ಹಾಕಿಸ್ಕೊಂಡೋರಲ್ಲಿ ಒಂದು ವರ್ಷದೊಳಗೆ ಸಾವು, ಮತ್ತೆ ಅಟ್ಯಾಕ್, ಸ್ಟೆಂಟ್‌ನಲ್ಲಿ ಹೆಪ್ಪು, ಇವೆಲ್ಲ ಸೇರಿ 5.3%, ಹಾಕಿಸ್ಕೊಳ್ದೋರಲ್ಲಿ 7.2% ಅಂತ 2021ರ ಪ್ರಯೋಗ ಹೇಳತ್ತೆ. ವರ್ಷಕ್ಕೊಂದ್ಸಲ ತಗೋಬೇಕು, ನಮ್ಮಲ್ಲಿ ಮಳೆಗಾಲಕ್ಕೆ ಮುಂಚೆ ತಗೊಂಡ್ರೆ ಅನುಕೂಲ, ಪರಿಣಾಮಕ್ಕೆ ಎರಡು ವಾರ ಬೇಕು. ನ್ಯೂಮೋನಿಯಾ ಲಸಿಕೆ ಬಗ್ಗೆನೂ ಅದೇ ಭೇಟೀಲಿ ಕೇಳ್ಬಿಡಿ. ಜ್ವರ ಇರೋ ದಿನ ಹೋಗ್ಬೇಡಿ, ಮೊಟ್ಟೆ ಅಥವಾ ಹಿಂದಿನ ಲಸಿಕೆಗೆ ಜೋರು ಅಲರ್ಜಿ ಆಗಿದ್ರೆ ಮೊದಲೇ ಹೇಳಿ.