320 ರೂಪಾಯಿ ಸಾಮಾನಿಗೆ 190 ರೂಪಾಯಿ ಕೊರಿಯರ್ರಾ?

320 ರೂಪಾಯಿಯ ಬ್ಲೌಸ್ ಕಪ್, ಹುಕ್ಕಿಗೆ ಆನ್‌ಲೈನ್ ಅಂಗಡಿಯವರು 190 ರೂಪಾಯಿ ಕೊರಿಯರ್ ಹಾಕಿದ್ದಾರೆ, ಇದು ಸುಲಿಗೆನಾ ಅಂತ ಕೇಳಿದ್ದೀರಿ. ಬರೀ ಹುಕ್ ಆಗಿದ್ದರೆ ಹೌದು ಅನ್ನುತ್ತಿದ್ದೆ. ಆದರೆ ಕಪ್ ಹಗುರವಾದರೂ ಜಾಗ ಜಾಸ್ತಿ ತಿನ್ನುತ್ತದೆ ಅಲ್ವಾ? ಕೊರಿಯರಿನವರು ಸಾಮಾನ್ಯವಾಗಿ ಡಬ್ಬದ ಉದ್ದ, ಅಗಲ, ಎತ್ತರವನ್ನು ಸೆಂಟಿಮೀಟರಿನಲ್ಲಿ ಗುಣಿಸಿ 5000ದಿಂದ ಭಾಗಿಸಿ, ಬಂದದ್ದನ್ನೇ ಕೆಜಿ ತೂಕ ಅಂತ ಹಿಡಿಯುತ್ತಾರೆ. ಮೂರೂ ಕಡೆ 30 ಸೆಂ.ಮೀ. ಇದ್ದರೆ 5.4 ಕೆಜಿ ಲೆಕ್ಕ, ಒಳಗೆ ಅರ್ಧ ಕೆಜಿ ಮಾಲಿದ್ದರೂ! ಮೇಲೆ 18% ಜಿಎಸ್‌ಟಿ ಬೇರೆ.

ನನಗೊಮ್ಮೆ ಎರಡು ಪ್ಯಾಕೆಟ್ ಮಿಷನ್ ಸೂಜಿ ಚಪ್ಪಲಿ ಡಬ್ಬದಷ್ಟು ಪೆಟ್ಟಿಗೆಯಲ್ಲಿ ಬಂತು. ಉಳಿದದ್ದೆಲ್ಲ ಹಳೇ ಪೇಪರ್. ಅದಕ್ಕೆ ಕೊಟ್ಟ ದುಡ್ಡು ಸುಮ್ನೆ ದಂಡ.

ಮುಂದಿನ ಸಲ ಮೊದಲೇ ಫೋನ್ ಮಾಡಿ, "ಕಪ್ ಒಂದರೊಳಗೊಂದು ಜೋಡಿಸಿ, ಡಬ್ಬ ಬೇಡ, ಕವರಿನಲ್ಲಿ ಕಳಿಸಿ" ಅನ್ನಿ. ಆಗಲ್ಲ ಅಂದರೆ ಅಂಗಡಿ ಬದಲಾಯಿಸಿ.