ಆಯಿಲ್ ತಾನಾಗೇ ಏರಿದರೆ ಲಾಭವಲ್ಲ

ಪ್ರಶ್ನೆ: ನಮಸ್ಕಾರ ಸಾರ್. ನನ್ನದು 2021ರ ಡೀಸೆಲ್ ಪಿಕಪ್, ಬಿಎಸ್6. ನಮ್ಮ ಮನೆ ಹಾಲಿನ ಜೊತೆ ಅಕ್ಕಪಕ್ಕದ ಏಳೆಂಟು ಮನೆಯ ಹಾಲನ್ನೂ ಡೈರಿಗೆ ಒಯ್ಯುತ್ತೇನೆ. ಡೈರಿ ಮೂರೂವರೆ ಕಿಲೋಮೀಟರ್ ದೂರ. ಬೆಳಿಗ್ಗೆ ಆರಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ. ಉಳಿದ ಹೊತ್ತು ಗಾಡಿ ಕೊಟ್ಟಿಗೆ ಪಕ್ಕದಲ್ಲಿ ನಿಂತಿರುತ್ತದೆ. 14 ತಿಂಗಳ ಹಿಂದೆ ಫುಲ್ ಸಿಂಥೆಟಿಕ್ ಆಯಿಲ್ ಹಾಕಿಸಿದೆ. "ದುಬಾರಿ ಆಯಿಲ್ ಇದು, 20,000 ಕಿಲೋಮೀಟರ್‌ವರೆಗೆ ಬಾನೆಟ್ ಎತ್ತೋದೇ ಬೇಡ" ಅಂತ ಹಾಕಿದವರು ಅಂದರು. ಇನ್ನೂ 6,000 ಕೂಡ ಆಗಿಲ್ಲ. ಮೊನ್ನೆ ಸುಮ್ನೆ ಆಯಿಲ್ ಕಡ್ಡಿ ಎಳೆದು ನೋಡಿದರೆ, ಮೇಲಿನ ಗೆರೆ ದಾಟಿ ಒಂದು ಬೆರಳಷ್ಟು ಜಾಸ್ತಿಯಾಗಿದೆ! ನಾನು ಒಂದು ಹನಿಯೂ ಹಾಕಿಲ್ಲ. ಮುಚ್ಚಳದ ಒಳಗೆ ಬೆಣ್ಣೆ ಥರ ಏನೋ ಅಂಟಿದೆ. ಡಿಪಿಎಫ್ ದೀಪ ಆಗಾಗ ಹತ್ತುತ್ತದೆ, ಆಮೇಲೆ ಹೋಗುತ್ತದೆ. ಆಯಿಲ್ ಜಾಸ್ತಿ ಇದ್ದರೆ ಒಳ್ಳೆಯದೇ ಅಲ್ವಾ?
– ಓದುಗರೊಬ್ಬರು, ಆಲೂರು ತಾಲ್ಲೂಕು

ಉತ್ತರ: ಮೊದಲು ಒಂದು ಕೆಲಸ ಮಾಡಿ. ಇವತ್ತು ಸಂಜೆಯ ಹಾಲನ್ನು ಬೇರೆಯವರ ಗಾಡಿಯಲ್ಲಿ ಕಳಿಸಿ. ಆಯಿಲ್ ಬದಲಾಯಿಸುವ ತನಕ ನಿಮ್ಮ ಗಾಡಿ ಸ್ಟಾರ್ಟ್ ಮಾಡಬೇಡಿ. ಮೆಕ್ಯಾನಿಕ್ಕನ್ನು ಮನೆಗೇ ಕರೆಸಿಕೊಳ್ಳಿ.

ನೀವು ಡೈರಿಗೆ ಹಾಲು ಹಾಕುವವರು, ನಿಮಗೆ ಇದನ್ನು ಹೇಳುವುದು ಸುಲಭ. ಹಾಲಿಗೆ ನೀರು ಸೇರಿದರೆ ಕ್ಯಾನ್ ತುಂಬುತ್ತದೆ, ಫ್ಯಾಟ್ ಇಳಿಯುತ್ತದೆ. ನಿಮ್ಮ ಎಂಜಿನ್‌ನಲ್ಲಿ ಆಗಿರುವುದೂ ಅದೇ. ಚೇಂಬರ್‌ನಲ್ಲಿ ಆಯಿಲ್ ಹುಟ್ಟಲಿಲ್ಲ, ಡೀಸೆಲ್ ಬಂದು ಸೇರಿಕೊಂಡಿದೆ. ಡೈರಿಯವರು ನಿಮ್ಮ ಕಣ್ಣೆದುರೇ ಫ್ಯಾಟ್ ಅಳೆದು ಹೇಳುತ್ತಾರೆ. ಎಂಜಿನ್‌ಗೆ ಹಾಗೆ ಹೇಳುವವರಿಲ್ಲ, ಬೇರಿಂಗ್ ಕಿತ್ತುಹೋದಾಗಲೇ ಗೊತ್ತಾಗುವುದು.

ಡೀಸೆಲ್ ಅಲ್ಲಿಗೆ ಹೇಗೆ ಹೋಯಿತು? ನಿಮ್ಮ ಡಿಪಿಎಫ್ ದೀಪವೇ ಹೇಳುತ್ತಿದೆ. ಡಿಪಿಎಫ್ ಅಂದರೆ ಹೊಗೆ ಹೋಗುವ ದಾರಿಯಲ್ಲಿ ಮಸಿ ಹಿಡಿಯಲು ಇಟ್ಟಿರುವ ಜರಡಿ. 2020ರ ಏಪ್ರಿಲ್ 1ರಿಂದ ದೇಶವೆಲ್ಲ ಬಿಎಸ್6 ಅನ್ನುವ ಹೊಗೆ ನಿಯಮ ಬಂದ ಮೇಲೆ ಇಂಥ ಜರಡಿ ಹಳ್ಳಿ ಗಾಡಿಗಳಿಗೂ ಬಂತು. ಮಸಿ ತುಂಬಿದಾಗ ಅದನ್ನು ಸುಡಬೇಕು. ಅದಕ್ಕೆ ಸುಮಾರು 600 ಡಿಗ್ರಿ ಬಿಸಿ ಬೇಕು. ಅಷ್ಟು ಬಿಸಿ ಬರಿಸಲು ಎಂಜಿನ್‌ನ ಕಂಪ್ಯೂಟರ್, ಪಿಸ್ಟನ್ ಕೆಳಗಿಳಿಯುವ ಹೊತ್ತಿಗೆ ತಡವಾಗಿ ಇನ್ನೊಂದಿಷ್ಟು ಡೀಸೆಲ್ ಚಿಮ್ಮಿಸುತ್ತದೆ. ಹೆದ್ದಾರಿಯಲ್ಲಿ ಓಡುವ ಗಾಡಿಯಲ್ಲಿ ಈ ಕೆಲಸ ಹದಿನೈದು ಇಪ್ಪತ್ತು ನಿಮಿಷದಲ್ಲಿ ಮುಗಿಯುತ್ತದೆ. ನಿಮ್ಮದರಲ್ಲಿ ಶುರುವಾಗುವಷ್ಟರಲ್ಲಿ ವಾಪಸ್ ಮನೆ ಬಂತು, ಕೀ ತಿರುಗಿಸಿದಿರಿ, ಅರ್ಧಕ್ಕೆ ನಿಂತಿತು. ಸಂಜೆ ಮತ್ತೆ ಮೊದಲಿಂದ. ಪ್ರತಿ ಸಲವೂ ಸಿಲಿಂಡರ್ ಗೋಡೆಗೆ ಅಂಟಿದ ಒಂದಿಷ್ಟು ಡೀಸೆಲ್ ರಿಂಗ್ ಸಂದಿಯಲ್ಲಿ ಇಳಿದು ಆಯಿಲ್‌ಗೆ ಸೇರುತ್ತದೆ. 14 ತಿಂಗಳಲ್ಲಿ ಒಂದು ಬೆರಳು ಏರಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

ಮುಚ್ಚಳದ ಬೆಣ್ಣೆ ಬೇರೆ ಕತೆ, ಅದು ನೀರು. ಒಂದು ಲೀಟರ್ ಡೀಸೆಲ್ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಹುಟ್ಟುತ್ತದೆ. ನಂಬುವುದು ಕಷ್ಟ, ಆದರೆ ನಿಜ. ಬಹುಪಾಲು ಸೈಲೆನ್ಸರ್‌ನಲ್ಲಿ ಹೋಗುತ್ತದೆ, ಸ್ವಲ್ಪ ಎಂಜಿನ್ ಒಳಗೆ ನುಸುಳುತ್ತದೆ. ಎಂಜಿನ್ ಚೆನ್ನಾಗಿ ಕಾದರೆ ಅದೂ ಆರಿ ಹೋಗುತ್ತದೆ. ಮೂರೂವರೆ ಕಿಲೋಮೀಟರ್‌ನಲ್ಲಿ ಮೀಟರ್ ಮುಳ್ಳು ಮೇಲೆ ಬಂದಿರಬಹುದು. ಆದರೆ ಅದು ತೋರಿಸುವುದು ರೇಡಿಯೇಟರ್ ನೀರಿನ ಬಿಸಿ. ಆಯಿಲ್ ಅದಕ್ಕಿಂತ ತುಂಬಾ ನಿಧಾನವಾಗಿ ಕಾಯುತ್ತದೆ. ಕೂಲಂಟ್ ಡಬ್ಬಿಯನ್ನೂ ಒಮ್ಮೆ ನೋಡಿಬಿಡಿ. ಅದರಲ್ಲಿ ಮಟ್ಟ ಇಳಿಯುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಹೋಗಿರಬಹುದು, ಅದು ಬೇರೆ ಕಾಯಿಲೆ.

ಇಲ್ಲೊಂದು ವ್ಯತ್ಯಾಸ ಗಮನಿಸಿ. ಗಾಡಿಯನ್ನು ಒಂದು ಗಂಟೆ ಜೋರಾಗಿ ಓಡಿಸಿದರೆ ನೀರು ಆವಿಯಾಗಿ ಹೋಗುತ್ತದೆ, ಬೆಣ್ಣೆ ಮಾಯವಾಗುತ್ತದೆ. ಡೀಸೆಲ್ ಹೋಗುವುದಿಲ್ಲ. ಅದು ಕುದಿಯಲು ಶುರುವಾಗುವುದೇ 150 ಡಿಗ್ರಿ ದಾಟಿದ ಮೇಲೆ, ಆಯಿಲ್ ಅಷ್ಟು ಬಿಸಿಯಾಗುವುದಿಲ್ಲ. ಹಾಗಾಗಿ "ಒಂದು ಸಲ ಮಂಗಳೂರಿಗೆ ಹೋಗಿ ಬಾ, ಸರಿಹೋಗುತ್ತೆ" ಅಂತ ಯಾರಾದರೂ ಹೇಳಿದರೆ ಹೋಗಬೇಡಿ. ಜಾಸ್ತಿಯಾದಷ್ಟನ್ನು ಬಸಿದು ಗೆರೆಗೆ ತಂದರೂ ಪ್ರಯೋಜನವಿಲ್ಲ. ನೀರು ಬೆರೆತ ಹಾಲಿನಲ್ಲಿ ಒಂದು ಲೋಟ ತೆಗೆದರೆ ಉಳಿದದ್ದು ಗಟ್ಟಿಯಾಗುತ್ತದೆಯೇ?

ಗೆರೆ ಮೀರಿ ತುಂಬಿದ ಆಯಿಲ್ ಇನ್ನೊಂದು ಅನಾಹುತ ಮಾಡಬಲ್ಲದು. ಕ್ರ್ಯಾಂಕ್ ಅದನ್ನು ಕಡೆದು ನೊರೆ ಎಬ್ಬಿಸುತ್ತದೆ. ಬ್ರೀದರ್ ಪೈಪಿನಲ್ಲಿ ಅದು ಗಾಳಿಯ ಜೊತೆ ಎಂಜಿನ್ ಒಳಗೆ ಹೋದರೆ, ಡೀಸೆಲ್ ಎಂಜಿನ್ ತನ್ನ ಆಯಿಲನ್ನೇ ಕುಡಿದು ಓಡಲು ಶುರು ಮಾಡುತ್ತದೆ. ಆಗ ಕೀ ತೆಗೆದರೂ ನಿಲ್ಲುವುದಿಲ್ಲ. ಬಸ್ ಡಿಪೋದಲ್ಲಿ 31 ವರ್ಷ ಇದ್ದೆ, ಹೀಗಾದದ್ದನ್ನು ಎರಡು ಸಲ ನೋಡಿದ್ದೇನೆ. ಒಮ್ಮೆ ಗಾಳಿ ಹೋಗುವ ಬಾಯಿಗೆ ಒದ್ದೆ ಗೋಣಿಚೀಲ ಒತ್ತಿ ನಿಲ್ಲಿಸಿದೆವು. ಆ ಕೂಗು ಈಗಲೂ ಕಿವಿಯಲ್ಲಿದೆ. ನೀವು ಅಂಥ ಸಾಹಸಕ್ಕೆ ಹೋಗಬೇಡಿ.

ಈಗ 20,000ದ ಮಾತಿಗೆ ಬರೋಣ. ಅವರು ಪೂರ್ತಿ ಸುಳ್ಳು ಹೇಳಲಿಲ್ಲ. ದಿನಾ ಹಾಸನ-ಬೆಂಗಳೂರು ಓಡುವ ಗಾಡಿಗೆ ಒಳ್ಳೆಯ ಸಿಂಥೆಟಿಕ್ ಬಹಳ ದೂರ ಬಾಳುತ್ತದೆ. ಅದು ಬಿಸಿಗೆ ಬೇಗ ಕೆಡುವುದಿಲ್ಲ, ಚಳಿಯಲ್ಲಿ ಗಟ್ಟಿಯಾಗುವುದಿಲ್ಲ. ಆದರೆ ನಿಮ್ಮ ಆಯಿಲ್ ಬಿಸಿಗೆ ಕೆಟ್ಟದ್ದಲ್ಲ, ಬಿಸಿಯೇ ಆಗದೆ ಕೆಟ್ಟದ್ದು. ಬೆರೆತ ಡೀಸೆಲ್ಲನ್ನು ಹೊರಗೆ ಹಾಕುವ ವಿದ್ಯೆ ಯಾವ ದುಬಾರಿ ಆಯಿಲ್‌ಗೂ ಗೊತ್ತಿಲ್ಲ. ಇನ್ನು ಚಳಿ. ಡಬ್ಬಿಯ ಮೇಲಿನ 5ಡಬ್ಲ್ಯೂ, 15ಡಬ್ಲ್ಯೂ ಅಂದರೆ ಆಯಿಲ್ ಎಷ್ಟು ಚಳಿ ತಡೆಯುತ್ತದೆ ಅನ್ನುವ ಗುರುತು. 5ಡಬ್ಲ್ಯೂ ಆಯಿಲನ್ನು ಪರೀಕ್ಷೆ ಮಾಡುವುದು ಸೊನ್ನೆಗಿಂತ 30 ಡಿಗ್ರಿ ಕೆಳಗೆ, 15ಡಬ್ಲ್ಯೂ ಆದರೆ 20 ಡಿಗ್ರಿ ಕೆಳಗೆ. ಆಲೂರಿನ ಜನವರಿ ಚಳಿಗೆ ನಿಮಗೆ ಕಂಬಳಿ ಬೇಕು, ಎಂಜಿನ್‌ಗೆ ಬೇಡ.

ಕಿಲೋಮೀಟರ್ ಲೆಕ್ಕವನ್ನೇ ಬಿಡಿ. ನಿಮ್ಮೂರಲ್ಲಿ ಟ್ರ್ಯಾಕ್ಟರ್‌ಗೆ ಯಾರಾದರೂ ಕಿಲೋಮೀಟರ್ ನೋಡಿ ಆಯಿಲ್ ಹಾಕುತ್ತಾರಾ? ಗಂಟೆ ನೋಡುತ್ತಾರೆ, ಸಾಮಾನ್ಯವಾಗಿ 250 ಗಂಟೆಗೆ ಒಮ್ಮೆ. ನಿಮ್ಮ ಗಾಡಿ ದಿನಕ್ಕೆ ನಾಲ್ಕು ಸಲ ಹತ್ತತ್ತು ನಿಮಿಷ ಓಡುತ್ತದೆ. ಕ್ಯಾನ್ ಇಳಿಸುವಾಗ ಆಫ್ ಮಾಡುವುದಿಲ್ಲ ಅಂದುಕೊಳ್ಳುತ್ತೇನೆ, ಯಾರೂ ಮಾಡುವುದಿಲ್ಲ. ಒಟ್ಟು 50 ನಿಮಿಷ ಹಿಡಿಯಿರಿ. 14 ತಿಂಗಳಿಗೆ ಸುಮಾರು 350 ಗಂಟೆ ಆಯಿತು. ಟ್ರ್ಯಾಕ್ಟರ್ ಆಗಿದ್ದರೆ ಯಾವಾಗಲೋ ಬದಲಾಯಿಸಿರುತ್ತಿದ್ದಿರಿ.

ನಾನೂ ಈ ತಪ್ಪು ಮಾಡಿದವನೇ. ಹಳೇ ಪೆಟ್ರೋಲ್ ವ್ಯಾನ್ ಇತ್ತು. ಮನೆಯಿಂದ ಡಿಪೋಗೆ ಎರಡು ಕಿಲೋಮೀಟರ್, ಅಷ್ಟೇ ಅದರ ಸಂಸಾರ. ಊರಿನ ಬಸ್ಸಿನ ಆಯಿಲನ್ನೆಲ್ಲ ದಿನ ತಪ್ಪದೆ ನೋಡುತ್ತಿದ್ದವನು, ನನ್ನ ವ್ಯಾನು ಓಡಿಯೇ ಇಲ್ಲವಲ್ಲ ಅಂತ ಎರಡು ವರ್ಷ ಬಿಟ್ಟೆ. ಟ್ಯಾಪೆಟ್ ಕವರ್ ಬಿಚ್ಚಿದಾಗ ಒಳಗೆ ಕಪ್ಪು ಅಂಬಲಿ ಮೆತ್ತಿಕೊಂಡಿತ್ತು, ಚಮಚದಲ್ಲಿ ಕೆರೆದು ತೆಗೆದೆ. ಡಿಪೋ ಹುಡುಗರು ನಗಲಿಲ್ಲ, ಅದೇ ಜಾಸ್ತಿ ನೋವಾದದ್ದು.

ನೀವು ಮಾಡಬೇಕಾದದ್ದು ಇಷ್ಟು. ಆಯಿಲ್, ಫಿಲ್ಟರ್ ಎರಡನ್ನೂ ಈಗಲೇ ಬದಲಾಯಿಸಿ. ಇನ್ನು ಮುಂದೆ ಆರು ತಿಂಗಳಿಗೆ ಒಮ್ಮೆ, ಮೀಟರ್ ಎಷ್ಟೇ ತೋರಿಸಲಿ. ಗಾಡಿಯ ಪುಸ್ತಕದಲ್ಲಿ ಕಠಿಣ ಬಳಕೆ ಅಂತ ಒಂದು ಪಟ್ಟಿ ಇರುತ್ತದೆ, ಯಾರೂ ಓದದ ಪುಟ. ಚಿಕ್ಕ ಓಡಾಟ, ಧೂಳು, ಭಾರ ಎಲ್ಲ ಅದರಲ್ಲೇ ಬರುತ್ತವೆ. ಅಲ್ಲಿ ಇನ್ನೂ ಕಡಿಮೆ ಅವಧಿ ಹೇಳಿದ್ದರೆ ಅದನ್ನೇ ಪಾಲಿಸಿ.

ಸಿಂಥೆಟಿಕ್ ಬಿಟ್ಟು ಅಗ್ಗದ್ದು ಹಾಕಲೇ ಅಂತ ಕೇಳುತ್ತೀರಿ, ಗೊತ್ತು. ಡಿಪಿಎಫ್ ಇಲ್ಲದ ಹಳೇ ಗಾಡಿಯಾಗಿದ್ದರೆ ಧಾರಾಳವಾಗಿ ಹಾಕಿ ಅನ್ನುತ್ತಿದ್ದೆ. ನಿಮ್ಮದಕ್ಕೆ ಬೂದಿ ಕಡಿಮೆ ಬಿಡುವ, ಲೋ ಸ್ಯಾಪ್ಸ್ ಅಂತ ಕರೆಯುವ ಆಯಿಲೇ ಬೇಕು. ಮಸಿಯನ್ನಾದರೆ ಜರಡಿಯಲ್ಲಿ ಸುಡಬಹುದು, ಆಯಿಲ್‌ನ ಬೂದಿ ಸುಡುವುದಿಲ್ಲ, ಅಲ್ಲೇ ಕೂರುತ್ತದೆ. ಜರಡಿಯ ಬೆಲೆ ಕೇಳಿದರೆ ಒಂದು ಹಸು ಮಾರಬೇಕು ಅನ್ನಿಸುತ್ತದೆ. ಪುಸ್ತಕದಲ್ಲಿ ಬರೆದ ಗ್ರೇಡನ್ನೇ ತನ್ನಿ. ಅದು ಸಿಂಥೆಟಿಕ್ ಆಗಿದ್ದರೆ ದುಡ್ಡು ಕೊಡಿ, ದಿನ ಮಾತ್ರ ಎಳೆಯಬೇಡಿ.

ವಾರಕ್ಕೊಮ್ಮೆ ಗಾಡಿಯನ್ನು ಸಕಲೇಶಪುರದ ಕಡೆ ಹೆದ್ದಾರಿಯಲ್ಲಿ ಅರ್ಧ ಗಂಟೆ ಒಂದೇ ಸಮ ಓಡಿಸಿ. ಹಿಂಡಿ-ಬೂಸಾ ತರಲು ಹೇಗೂ ಹೋಗುತ್ತೀರಲ್ಲ, ಆ ದಿನವೇ ಆಗಲಿ. ಡಿಪಿಎಫ್ ದೀಪ ಹತ್ತಿದಾಗ ಆಫ್ ಮಾಡಬೇಡಿ, ಆರುವವರೆಗೆ ಓಡಿಸಿ. ತಿಂಗಳಿಗೆ ಎರಡು ಸಲ, ಬೆಳಿಗ್ಗೆ ಸ್ಟಾರ್ಟ್ ಮಾಡುವ ಮೊದಲು, ಸಮತಟ್ಟಾದ ಜಾಗದಲ್ಲಿ ಕಡ್ಡಿ ಎಳೆದು ನೋಡಿ, ಮೂಸಿಯೂ ನೋಡಿ. ಆಯಿಲ್ ಕಪ್ಪಾಗಿದ್ದರೆ ಹೆದರಬೇಡಿ, ಡೀಸೆಲ್ ಗಾಡಿಯಲ್ಲಿ ಅದು ಸಹಜ. ಡೀಸೆಲ್ ವಾಸನೆ ಬಂದರೆ, ಗೆರೆ ಏರಿದ್ದರೆ, ಆರು ತಿಂಗಳಿಗೂ ಕಾಯಬೇಡಿ.

ಪ್ರಶ್ನೆ: ಬಸಿದ ಹಳೇ ಆಯಿಲನ್ನು ಕೊಟ್ಟಿಗೆ ಕಂಬಕ್ಕೆ ಬಳಿದರೆ ಗೆದ್ದಲು ಬರಲ್ಲ ಅಂತಾರೆ, ಹೌದಾ ಸಾರ್?
– ಅರಸೀಕೆರೆ

ಉತ್ತರ: ನಮ್ಮಪ್ಪನೂ ಬಳಿಯುತ್ತಿದ್ದರು. ಗೆದ್ದಲು ಸ್ವಲ್ಪ ದಿನ ದೂರ ಇರುತ್ತದೆ ನಿಜ. ಆದರೆ ಹಳೇ ಆಯಿಲ್‌ನಲ್ಲಿ ಸವೆದ ಲೋಹ ಇರುತ್ತದೆ, ಕ್ಯಾನ್ಸರ್ ತರುವ ವಸ್ತುಗಳೂ ಇರುತ್ತವೆ. ಮಳೆಗೆ ತೊಳೆದು ಬಾವಿಗೂ ಇಳಿಯಬಹುದು. ಕೈಗವಸು ಹಾಕಿ ಡಬ್ಬಕ್ಕೆ ತುಂಬಿ, ಹಳೇ ಆಯಿಲ್ ಡ್ರಮ್ ಇಟ್ಟಿರುವ ಗ್ಯಾರೇಜಿಗೆ ಕೊಡಿ. ಕೊಟ್ಟಿಗೆ ಕಂಬಕ್ಕಂತೂ ಬೇಡವೇ ಬೇಡ, ಹಸು ನೆಕ್ಕುತ್ತದೆ.